ಕಿಡ್ನಿ ಕೌದಿ: ನಾಲ್ಕನೇ ಚೌಕ ಎರಡು ಸಲ ಬಿಚ್ಚಿದ್ದು

ಹೋದ ಸಲ ಬರೆದಾಗ ಎರಡು ಚೌಕ ಮುಗಿದಿದ್ದವು. ಈಗ ನಾಲ್ಕು, ಅಥವಾ ಮೂರೂವರೆ ಅನ್ನಿ. ಕಲಬುರಗಿಯ ಈ ಬಿಸಿಲಲ್ಲಿ ಹಗಲು ಕೌದಿ ತೊಡೆ ಮೇಲೆ ಹಾಕಿಕೊಂಡು ಕೂರೋಕೆ ಆಗಲ್ಲ. ರಾತ್ರಿ ಊಟ ಆದ ಮೇಲೆ ಒಂದು ತಾಸು, ಅಷ್ಟೇ.

ಹೊಸದಾಗಿ ಓದುತ್ತಿರುವವರಿಗೆ: ನಾನು ಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೇಣದಲ್ಲಿ ಕೂರಿಸಿದ ತುಣುಕನ್ನು 3–4 ಮೈಕ್ರಾನ್ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸ್ಲೈಡ್ ಮಾಡುತ್ತೇನೆ. ನೋಡಿ ರೋಗ ಹೇಳುವುದು ಡಾಕ್ಟರ ಕೆಲಸ. ಆದರೆ ಬಣ್ಣ ಹಾಕುವವಳು ನಾನು, ಇಣುಕಿ ನೋಡದೆ ಇರೋಕಾಗುತ್ತಾ? ಹಾಗೆ ಶುರುವಾಗಿದ್ದು ಇದು. ಅಪರೂಪದ, ಬೇಗ ಹರಡುವ ಕಿಡ್ನಿ ಕ್ಯಾನ್ಸರ್‌ಗಳು ಮೈಕ್ರೋಸ್ಕೋಪಿನಲ್ಲಿ ಹೇಗೆ ಕಾಣುತ್ತವೋ ಹಾಗೆ ಹಳೇ ಸೀರೆ ತುಂಡುಗಳಲ್ಲಿ ಹೊಲಿಯುವುದು. ಒಟ್ಟು ಆರು ಚೌಕ, ಒಂದೊಂದೂ ಒಂದು ಗೇಣು. ಯಾವ ರೋಗಿಯ ಸ್ಲೈಡನ್ನೂ ನಕಲು ಮಾಡುತ್ತಿಲ್ಲ. ಪುಸ್ತಕದ ಚಿತ್ರಗಳನ್ನು ನೋಡಿ ನಾನೇ ಬಿಡಿಸಿಕೊಂಡ ನಕ್ಷೆಗಳು.

ಮೊದಲನೆಯದು ಹೋಲಿಕೆಗೆ ಇಟ್ಟಿರುವ ಮಾಮೂಲಿ ಕಿಡ್ನಿ ಕ್ಯಾನ್ಸರ್, ಕ್ಲಿಯರ್ ಸೆಲ್ ಅಂತಾರೆ. ಅದರ ಕೋಶಗಳು ಖಾಲಿ ಕಾಣುತ್ತವೆ. ಒಳಗಿನ ಕೊಬ್ಬು, ಗ್ಲೈಕೋಜನ್ ಎಲ್ಲ ನಮ್ಮ ಆಲ್ಕೋಹಾಲ್, ಜೈಲೀನ್ ಡಬ್ಬಿಗಳಲ್ಲೇ ತೊಳೆದು ಹೋಗಿರುತ್ತದೆ. ಎರಡನೆಯದು ಮೂತ್ರ ಕೂಡಿಸುವ ನಾಳದ ಕ್ಯಾನ್ಸರ್. ಗಡ್ಡೆಯ ಸುತ್ತ ನಾರು ಗಟ್ಟಿಯಾಗಿ ಬೆಳೆದಿರುತ್ತದೆ, ಅದಕ್ಕೇ ದಪ್ಪ ದಾರ ಹಾಕಿದ್ದೆ. ಬೆರಳು ತೂತಾಗಿದ್ದು ಬಿಟ್ಟರೆ ವಿಶೇಷ ಏನಿಲ್ಲ.

ಮೂರನೆಯದು ನನ್ನ ಮೆಚ್ಚಿನದು. ಎಫ್‌ಎಚ್ ಜೀನ್ ಕೆಟ್ಟು ಬರುವ ಕ್ಯಾನ್ಸರ್. ಈ ಜೀನ್ 1ನೇ ಕ್ರೋಮೋಸೋಮಿನಲ್ಲಿದೆ. ಕೋಶ ಶಕ್ತಿ ತಯಾರಿಸುವಾಗ ಫ್ಯೂಮರೇಟ್ ಅನ್ನುವ ವಸ್ತುವನ್ನು ಮ್ಯಾಲೇಟ್ ಮಾಡುವುದು ಇದರ ಕಿಣ್ವ. ಕಿಣ್ವ ಇಲ್ಲದಿದ್ದರೆ ಫ್ಯೂಮರೇಟ್ ರಾಶಿ ಬೀಳುತ್ತದೆ. ಆಗ ಉಸಿರು ಸಾಲುತ್ತಿಲ್ಲ ಅಂತ ಕೋಶ ಮೋಸಹೋಗಿ, ಹೊಸ ರಕ್ತನಾಳ ಬೆಳೆಸುವ ಜೀನ್‌ಗಳನ್ನೆಲ್ಲ ಎಬ್ಬಿಸುತ್ತದೆ. ಕೆಲವರಲ್ಲಿ ಇದು ಮನೆತನದಲ್ಲೇ ಬರುತ್ತದೆ. ಚರ್ಮದ ಮೇಲೆ ನೋಯುವ ಸಣ್ಣ ಗಂಟುಗಳು, ಹೆಂಗಸರಿಗೆ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಫೈಬ್ರಾಯ್ಡ್. ಕಿಡ್ನಿಯ ಗಡ್ಡೆ ಸಣ್ಣದಿದ್ದಾಗಲೇ ಹರಡಬಹುದು, ಹಾಗಾಗಿ ಕಾದು ನೋಡೋಣ ಅನ್ನುವ ಹಾಗಿಲ್ಲ.

ಹೊಲಿಗೆಗೆ ಬೇಕಾದ ಗುರುತು ಕೋಶಕೇಂದ್ರದ ಒಳಗಿದೆ. ದೊಡ್ಡ ಕೆಂಪು ನ್ಯೂಕ್ಲಿಯೋಲಸ್, ಅದರ ಸುತ್ತ ತಿಳಿಯಾದ ಉಂಗುರ. ಗೂಬೆ ಕಣ್ಣು ಇದ್ದ ಹಾಗೆ. ಅಂಗಡಿಯ ಕೆಂಪು ದಾರ ಮೂರು ಥರ ತಂದೆ, ಒಂದೂ ಹೊಂದಲಿಲ್ಲ. ಕೊನೆಗೆ ಅವ್ವನ ಹರಿದ ಇಳಕಲ್ ಸೀರೆಯ ಸೆರಗಿನಿಂದ ರೇಷ್ಮೆ ಎಳೆ ಬಿಡಿಸಿದೆ. ಒಂದೊಂದು ನ್ಯೂಕ್ಲಿಯೋಲಸ್‌ಗೂ ಒಂದು ಗಂಟು, ಒಂದು ಗೇಣು ಎಳೆಗೆ ನಾಲ್ಕು ಗಂಟು ಬರುತ್ತವೆ. ಸೂಜಿಗೆ ಎರಡು ಸುತ್ತು ಸುತ್ತಿ, ಪಕ್ಕದಲ್ಲೇ ಚುಚ್ಚಿ ಕೆಳಗೆ ಎಳೆಯಬೇಕು. ಜೋರಾಗಿ ಎಳೆದರೆ ಗಂಟು ಬಟ್ಟೆಯ ಹಿಂದಕ್ಕೆ ಜಾರುತ್ತದೆ. ಅಂಥವು ಹನ್ನೊಂದು ಹೋದವು.

ಈಗ ನಾಲ್ಕನೆಯದರ ಕಥೆ. ಇದು ಮೆಡುಲ್ಲರಿ ಕಾರ್ಸಿನೋಮ, ಅಂದರೆ ಕಿಡ್ನಿಯ ಒಳಭಾಗದ ಕ್ಯಾನ್ಸರ್. 1995ರಲ್ಲಿ ಈ ಹೆಸರಿಟ್ಟು ವಿವರಿಸಿದರು. ಹೆಚ್ಚು ಕಡಿಮೆ ಎಲ್ಲವೂ ಸಿಕಲ್ ಸೆಲ್ ಗುಣ (ರಕ್ತದ ಕೆಂಪು ಕಣ ಬಾಗುವ, ಹುಟ್ಟಿನಿಂದ ಬರುವ ಗುಣ) ಇರುವ ಎಳೆಯರಲ್ಲಿ, ಜಾಸ್ತಿ ಬಲಗಡೆ ಕಿಡ್ನಿಯಲ್ಲಿ. ಆ ಗುಣ ಇರುವವರು ಲಕ್ಷಗಟ್ಟಲೆ ಇದ್ದಾರೆ, ಈ ಕ್ಯಾನ್ಸರ್ ಬರುವುದು ಬೆರಳೆಣಿಕೆಯವರಿಗೆ. ಇದನ್ನು ಓದಿ ಯಾರೂ ಗಾಬರಿ ಆಗಬೇಡಿ. ಕಿಡ್ನಿಯ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಉಪ್ಪು ಜಾಸ್ತಿ. ಅಲ್ಲಿ ಕೆಂಪು ಕಣಗಳು ಬಾಗಿಬಿಡುತ್ತವೆ. ಸ್ಲೈಡಿನಲ್ಲೂ ಬಾಗಿದ ಕಣಗಳು ಸಿಗುತ್ತವೆ. ಅವನ್ನು ಹೊಲಿಯುತ್ತಿದ್ದಾಗ ಅವ್ವ ನೋಡಿ, ‘ಇವು ಕುಡಗೋಲು ಇದ್ದಂಗ ಅವ’ ಅಂದಳು. ಸಿಕಲ್ ಅಂದರೆ ಕುಡಗೋಲೇ, ಹೆಸರು ಹೇಳಿಕೊಡುವ ಕೆಲಸವೇ ಬೀಳಲಿಲ್ಲ.

ತೊಂದರೆ ಬಂದಿದ್ದು ಬೇರೆ ಕಡೆ. ಈ ಕ್ಯಾನ್ಸರಿನಲ್ಲಿ 22ನೇ ಕ್ರೋಮೋಸೋಮಿನ ಸ್ಮಾರ್ಕ್‌ಬಿ1 ಜೀನ್ ಕೆಲಸ ನಿಲ್ಲಿಸಿರುತ್ತದೆ. ಅದರ ಪ್ರೋಟೀನನ್ನು ಲ್ಯಾಬಿನಲ್ಲಿ ಐಎನ್‌ಐ-1 ಅಂತೀವಿ. ಅದು ಇದೆಯಾ ಅಂತ ನೋಡುವ ಪರೀಕ್ಷೆಯಲ್ಲಿ ಪ್ರೋಟೀನ್ ಇರುವ ಕೋಶಕೇಂದ್ರ ಕಂದು ಆಗುತ್ತದೆ, ಇಲ್ಲದ್ದು ನೀಲಿಯಾಗಿ ಉಳಿಯುತ್ತದೆ. ಅಂದರೆ ನಾನು ಹೊಲಿಯಬೇಕಾಗಿದ್ದು ಬಣ್ಣವನ್ನಲ್ಲ, ಬಣ್ಣ ಬಾರದೇ ಇರುವುದನ್ನು.

ಮೊದಲು ಬರೀ ನೀಲಿ ಚುಕ್ಕಿ ಹೊಲಿದೆ. ಸುಮ್ನೆ ನೀಲಿ ಬಟ್ಟೆ ಥರ ಕಂಡಿತು, ಬಿಚ್ಚಿದೆ. ಆಮೇಲೆ ಬರೀ ಖಾಲಿ ವೃತ್ತ ಬಿಟ್ಟೆ. ಅವ್ವ ಕನ್ನಡಕ ಮೂಗಿನ ಮೇಲೆ ಸರಿಸಿ, ‘ಇದು ಅರ್ಧಕ್ಕ ಬಿಟ್ಟೀದಿ ಅಲ್ಲೇನ?’ ಅಂದಳು. ಅದನ್ನೂ ಬಿಚ್ಚಿದೆ. ‘ಬಾಜೂಕ ಬ್ಯಾರೆ ಬಣ್ಣ ಇದ್ರ ಗೊತ್ತಾಗ್ತದ ನೋಡು’ ಅಂತ ಹೇಳಿ ಮಲಗಲು ಹೋದಳು.

ಆಗ ನೆನಪಾಯಿತು. ಹೋದ ತಿಂಗಳು ನಾನು ಮಾಡಿದ ಒಂದು ಸ್ಲೈಡ್ ಪೂರ್ತಿ ನೀಲಿ ಬಂದಿತ್ತು. ಸರ್ ನೋಡಿ, ‘ಲಿಂಫೋಸೈಟ್ ಕೂಡ ನೀಲಿ ಇದೆಯಲ್ಲಮ್ಮಾ’ ಅಂದರು. ಲಿಂಫೋಸೈಟ್ ಅಂದರೆ ಒಂದು ಥರದ ಬಿಳಿ ರಕ್ತಕಣ. ಅವುಗಳಲ್ಲಿ, ರಕ್ತನಾಳದ ಗೋಡೆಯಲ್ಲಿ ಈ ಪ್ರೋಟೀನ್ ಇದ್ದೇ ಇರುತ್ತದೆ. ಅವೂ ಕಂದು ಆಗಿಲ್ಲ ಅಂದರೆ ಜೀನ್ ಕೆಟ್ಟಿದೆ ಅಂತಲ್ಲ, ಪರೀಕ್ಷೆ ಕೆಟ್ಟಿದೆ ಅಂತ ಅರ್ಥ. ಸ್ಲೈಡ್ ಬಿಸಿ ಮಾಡುವ ಹಂತದಲ್ಲಿ ನಾನು ಹೊತ್ತು ಕಡಿಮೆ ಮಾಡಿದ್ದೆ. ಬೈಯಲಿಲ್ಲ, ಇನ್ನೊಂದು ಕೊಯ್ದು ಕೊಡು ಅಂದರು.

ಈ ಸಲ ಕಂದು ಲಿಂಫೋಸೈಟ್‌ಗಳಿಂದಲೇ ಶುರು ಮಾಡಿದೆ. ಮೂವತ್ತು ಚುಕ್ಕಿ, ಒಂದು ರಕ್ತನಾಳದ ಸುತ್ತ ಒಂದು ಸಾಲು. ಆಮೇಲೆ ನಡುವೆ ನೀಲಿ ತುಂಬಿದೆ. ಈಗ ನೋಡಿದ ಕೂಡಲೇ ಕಣ್ಣು ನೀಲಿಯ ಮೇಲೆ ನಿಲ್ಲುತ್ತದೆ. ಕೆಳಗಿನ ಒಂದು ಮೂಲೆ ಬಾಕಿ ಇದೆ, ಕಂದು ದಾರ ಖಾಲಿ.

ಐದನೆಯದು ಟಿಎಫ್‌ಇ3 ಅನ್ನುವ ಜೀನಿನಿಂದ ಬರುವ ಕ್ಯಾನ್ಸರ್. ಎಕ್ಸ್ ಕ್ರೋಮೋಸೋಮಿನ ಈ ಜೀನ್ ಮುರಿದು ಇನ್ನೊಂದು ಜೀನಿಗೆ ಅಂಟಿಕೊಳ್ಳುತ್ತದೆ. ಮಕ್ಕಳ ಕಿಡ್ನಿ ಕಾರ್ಸಿನೋಮಗಳಲ್ಲಿ ಇದರ ಪಾಲು ದೊಡ್ಡದು. ಇಲ್ಲಿ ಲೆಕ್ಕ ಉಲ್ಟಾ, ಗಡ್ಡೆಯ ಕೋಶಕೇಂದ್ರಗಳೇ ಕಂದು. ಎರಡು ಸೀರೆ ತುಂಡು ಜೋಡಿಸಿ, ಜೋಡಣೆ ಎದ್ದು ಕಾಣುವ ಹಾಗೆ ಬಿಡೋಣ ಅಂತಿದ್ದೇನೆ. ಈ ಗಡ್ಡೆಯಲ್ಲಿ ಕಾಣುವ ಸುಣ್ಣದ ಕಣಗಳಿಗೆ ಸಣ್ಣ ಬಿಳಿ ಮಣಿ ಬೇಕು. ಭಾನುವಾರ ಸೂಪರ್ ಮಾರ್ಕೆಟ್ ಕಡೆ ಹೋಗಿ, ದಾರ, ಮಣಿ ಎರಡೂ ಒಟ್ಟಿಗೆ ತರುತ್ತೇನೆ.