ಮಾಟುಂಗಾದ ಇಡ್ಲಿ ಮತ್ತು ಸಪ್ಲೈಯರ್‌ನ ಜ್ವರ

ಮುಂಬೈಯಲ್ಲಿ ಮಳೆಗಾಲ ಬಂತೆಂದರೆ ಮಾಟುಂಗಾದಂಥ ಬಡಾವಣೆಗಳ ನಮ್ಮ ಉಡುಪಿ ಹೋಟೆಲುಗಳ ಹುಡುಗರಿಗೆ ಜ್ವರ, ಭೇದಿ ಶುರು. ಮಲೇರಿಯಾ, ಡೆಂಗ್ಯೂ, ಟೈಫಾಯಿಡ್, ಯಾವುದೂ ಆಗಬಹುದು. ಎಷ್ಟೋ ಕಡೆ ಹತ್ತಾರು ಜನ ಒಂದೇ ಖೋಲಿಯಲ್ಲಿ ಸಾಲಾಗಿ ಮಲಗುತ್ತಾರೆ. ಒಬ್ಬನಿಗೆ ಬಂದದ್ದು ಪಕ್ಕದವನಿಗೆ ಬರದೇ ಇರುತ್ತಾ? ಆದರೂ ಬೆಳಗಾಗುವ ಮೊದಲೇ ಎಲ್ಲರೂ ಎದ್ದು ಕೆಲಸಕ್ಕೆ ನಿಲ್ಲುತ್ತಾರೆ. ಒಂದು ದಿನ ಖಾಡಾ, ಅಂದರೆ ಗೈರುಹಾಜರಿ, ಆದರೆ ಒಂದು ದಿನದ ಪಗಾರ ಕಟ್. ಊರಿಗೆ ಫೋನ್ ಮಾಡಿದಾಗ ಮಾತ್ರ 'ಎಲ್ಲ ಸರಿ ಇದೆ' ಅನ್ನುತ್ತಾರೆ.

ವಿಚಿತ್ರ ಏನು ಗೊತ್ತಾ? ಜ್ವರ, ಭೇದಿ ಇದ್ದವರು ಅಡುಗೆ ಮುಟ್ಟಲೇಬಾರದು ಅನ್ನುವ ನಿಯಮ ಇದೆ. ಆಹಾರ ಸುರಕ್ಷತೆಯ 2011ರ ನಿಯಮಾವಳಿ ಅದನ್ನು ಹೇಳುತ್ತದೆ. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಆಗಬೇಕು, ಟೈಫಾಯಿಡ್‌ನಂಥ ರೋಗಗಳಿಗೆ ಲಸಿಕೆ ಹಾಕಿಸಬೇಕು ಅಂತಲೂ ಇದೆ. ಆದರೆ ಮನೆಯಲ್ಲಿ ಕೂತವನ ಆ ದಿನದ ಕೂಲಿ ಯಾರು ಕೊಡಬೇಕು? ಅಲ್ಲಿ ಮೌನ. ಹಾಗಾಗಿ ಹುಡುಗ ಪ್ಯಾರಾಸಿಟಮಾಲ್ ನುಂಗಿ, ಮುಖ ತೊಳೆದು, ನಮ್ಮ ಟೇಬಲ್ಲಿಗೆ ಇಡ್ಲಿ ತರುತ್ತಾನೆ. ಟೈಫಾಯಿಡ್ ಹರಡುವುದೇ ಕೈ, ನೀರು, ಊಟದ ಮೂಲಕ. ಜ್ವರ ಇಳಿದ ಮೇಲೂ ರೋಗಾಣು ಸ್ವಲ್ಪ ಕಾಲ ದೇಹದಿಂದ ಹೊರಬೀಳುತ್ತಲೇ ಇರಬಹುದು. ಸಂಬಳದ ರಜೆ ಅವನಿಗಷ್ಟೇ ಅಲ್ಲ, ತಿನ್ನುವ ನನಗೂ ಬೇಕು.

ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದೆಯಲ್ಲ ಅಂತ ನೀವು ಕೇಳಬಹುದು. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಅದು ಸಿಗುತ್ತದೆ. ಕಾಯಿಲೆಯಾದರೆ ದಿನಗೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಮಾಮೂಲಿ ಜ್ವರ, ಭೇದಿ ಕಾಡುವುದೇ ಆ ಎರಡು ದಿನ! ಹೆಸರೇ ನೋಂದಣಿ ಆಗದ ಹುಡುಗರಿಗಂತೂ ಅದೂ ಇಲ್ಲ.

ಮಹಾರಾಷ್ಟ್ರದ 2017ರ ಅಂಗಡಿ ಕಾಯ್ದೆಯಲ್ಲಿ ವರ್ಷಕ್ಕೆ 8 ದಿನ ಸಂಬಳದ ಸಾಂದರ್ಭಿಕ ರಜೆ ಇದೆ. ಅದು ಮೂರು ತಿಂಗಳಿಗೊಮ್ಮೆ ಜಮೆಯಾಗುತ್ತದೆ, ವರ್ಷದ ಕೊನೆಗೆ ಉಳಿದದ್ದು ಹೋಯಿತು. ಸಣ್ಣ ಹೋಟೆಲುಗಳಿಗೆ ಈ ಕಾಯ್ದೆ ಅನ್ವಯಿಸುವುದೇ ಇಲ್ಲ. ನಮ್ಮ ಕರ್ನಾಟಕದ 1961ರ ಅಂಗಡಿ ಕಾಯ್ದೆ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ಅಂತ ಸಂಬಳದ 12 ದಿನ ರಜೆ ಬರೆದಿಟ್ಟಿದೆ. ಈ ವಿಷಯದಲ್ಲಿ ಊರೇ ಮುಂದೆ.

ಪರಿಚಯದ ಹೋಟೆಲ್ ಮಾಲೀಕರೊಬ್ಬರ ಹತ್ತಿರ ಸಂಬಳದ ರಜೆಯ ಮಾತು ತೆಗೆದೆ. ಕ್ಲೀನರ್ ಆಗಿ ಬಂದು, ರಾತ್ರಿ ಶಾಲೆಯಲ್ಲಿ ಓದಿ, ಗಲ್ಲೆಗೆ ಏರಿದವರು. "ನಾವೆಲ್ಲ ಜ್ವರದಲ್ಲೇ ದುಡಿದವರು ಮಾರಾಯ್ರೇ. ಸಂಬಳ ಕೊಟ್ಟರೆ ಸುಮ್ನೆ ಹೊಟ್ಟೆನೋವು ಅಂತ ಮಲಗ್ತಾರೆ" ಅಂದರು. ಕೆಲವರು ಮಲಗುತ್ತಾರೆ, ನಿಜ. ಆಫೀಸಿನಲ್ಲಿ ನಾವು ಮಲಗುವುದಿಲ್ವಾ? ಕ್ರಿಕೆಟ್ ಮ್ಯಾಚ್ ದಿನ ಎಷ್ಟು ಜನರಿಗೆ ತಲೆನೋವು ಬರುತ್ತದೆ ಅಂತ ನೋಡಿ.

ಅವರ ಬಿಲ್ ಪುಸ್ತಕದ ಹಿಂದೆಯೇ ಲೆಕ್ಕ ಹಾಕಿದೆ. ದಿನಕ್ಕೆ 600 ರೂಪಾಯಿಯಂತೆ 20 ಹುಡುಗರು. ಎಲ್ಲರೂ 8 ದಿನ ಪೂರ್ತಿ ಮಲಗಿದರೂ ವರ್ಷಕ್ಕೆ 96,000 ರೂಪಾಯಿ. ದಿನಕ್ಕೆ 500 ಪ್ಲೇಟ್ ಹೋಗುತ್ತದೆ ಅಂದುಕೊಂಡರೆ ಪ್ಲೇಟಿಗೆ ಸುಮಾರು 53 ಪೈಸೆ. "ಬದಲಿ ಹುಡುಗ ಎಲ್ಲಿಂದ ತರಲಿ?" ಅಂದರು. ಅದು ನ್ಯಾಯವಾದ ಪ್ರಶ್ನೆ. ಒಬ್ಬರ ಹತ್ತಿರ ಆಗದ್ದು ನಾಲ್ಕು ಹೋಟೆಲ್ ಸೇರಿ ಒಬ್ಬ ಬದಲಿ ಹುಡುಗನನ್ನು ಇಟ್ಟುಕೊಂಡರೆ ಆಗುತ್ತದೆ. ಗಣೇಶೋತ್ಸವಕ್ಕೆ ಒಟ್ಟಿಗೆ ಸೇರುವವರೇ ತಾನೇ ಇವರು?

ನಿಮ್ಮ ಮನೆಯ ಹುಡುಗ ಇಲ್ಲಿ ಹೋಟೆಲಿನಲ್ಲಿದ್ದರೆ ಮುಂದಿನ ಸಲ ಫೋನಿನಲ್ಲಿ ಇಎಸ್‌ಐ ನಂಬರ್ ಇದೆಯಾ ಅಂತ ಕೇಳಿ. ಪಗಾರದಲ್ಲಿ ಶೇ. 0.75 ಕಟ್ ಆಗುತ್ತಿದ್ದರೆ ಮಾಲೀಕರೂ ಶೇ. 3.25 ಕಟ್ಟಬೇಕು, ನಂಬರ್ ಇರಲೇಬೇಕು. ಜ್ವರ ಬಂದ ದಿನವೇ ಇಎಸ್‌ಐ ಡಾಕ್ಟರ ಚೀಟಿ ಮಾಡಿಸಿಕೊಳ್ಳಲು ಹೇಳಿ. ಚೀಟಿ ಇಲ್ಲದೆ ಆ ಶೇ. 70 ಕೂಡ ಸಿಗುವುದಿಲ್ಲ.