ಕ್ರೌನಿಂದ ಬಂದ ಹಾಲು ಚಹಾ

ಮೆಕ್ಯಾನಿಕ್ ಭಾಯ್ ನಮ್ಮ ಪಿಕಪ್ಪಿನ ಕ್ರೌನಿನ, ಅಂದರೆ ಹಿಂದಿನ ಚಕ್ರಗಳ ನಡುವಿನ ಹಲ್ಲುಚಕ್ರಗಳ ಪೆಟ್ಟಿಗೆಯ, ಕೆಳಗಿನ ಬೋಲ್ಟ್ ಬಿಚ್ಚಿದ ಕೂಡಲೇ ಬಕೆಟ್ಟಿಗೆ ಮೊದಲು ಬಿದ್ದದ್ದು ಎಣ್ಣೆಯಲ್ಲ, ನೀರು. ಒಂದು ಲೋಟದಷ್ಟು. ಆಮೇಲೆ ದಪ್ಪಗೆ, ಮಣ್ಣು ಬಣ್ಣದ್ದೊಂದು ದ್ರವ ಎಳೆ ಎಳೆಯಾಗಿ ಇಳಿಯಿತು. ಹಾಲು ಜಾಸ್ತಿಯಾದ ಚಹಾ ಥರ. ವಾಸನೆ ಮಾತ್ರ ಕ್ರೌನ್ ಆಯಿಲಿನದೇ, ಮೂಗಿಗೆ ಹೊಡೆಯುವ ಗಂಧಕದ ವಾಸನೆ. ಭಾಯ್ ಬೆರಳು ಅದ್ದಿ ನನಗೆ ತೋರಿಸಿದರು.

“ಗೌಡ್ರೇ, ಸಕ್ಕರೆ ಎಷ್ಟು ಹಾಕ್ಲಿ?”

ನಮ್ಮ ಪಿಕಪ್ 2007ರದ್ದು. ನನ್ನ ಕೈಗೆ ಬಂದಿದ್ದು ಸೆಕೆಂಡ್ ಹ್ಯಾಂಡಾಗಿ. ತೀರ್ಥಹಳ್ಳಿಯಿಂದ ಒಳಗೆ ನಮ್ಮೂರ ದಾರಿಯಲ್ಲಿ ಹಸಿ ಅಡಿಕೆ, ಸೊಪ್ಪು, ಗೊಬ್ಬರ, ಔಷಧಿ ಹೊಡೆಯುವ ಕಾಲಕ್ಕೆ ಬೋರ್ಡೋ ಅನ್ನುವ ತಾಮ್ರದ ಔಷಧಿಯ ಡ್ರಮ್ಮು, ಎಲ್ಲ ಹೊರುವುದು ಅದೇ. ಒಂದು ದಿನವೂ ನಡುದಾರಿಯಲ್ಲಿ ಕೈ ಕೊಟ್ಟಿರಲಿಲ್ಲ. ಅದಕ್ಕೇ ನಾನೂ ಅದರ ಕಡೆ ತಿರುಗಿ ನೋಡಿರಲಿಲ್ಲ ಅನ್ನಿ.

ಹೋದ ವರ್ಷ ಪುನರ್ವಸು ಮಳೆಯಲ್ಲಿ ತೋಟದ ಕೆಳಗಿನ ಹಳ್ಳ ದಾಟಿಸಿದ್ದೆ. ನೀರು ಚಕ್ರದ ನಡುಮಟ್ಟಕ್ಕಿತ್ತು. ದಾಟಿತು, ಮನೆಗೆ ಬಂತು, ಮರೆತೆ. ಈ ವರ್ಷ ಮೇ ತಿಂಗಳಲ್ಲಿ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಹಿಂದಿನಿಂದ ಗುಂಯ್ ಅನ್ನುವ ಸದ್ದು ಶುರುವಾಯಿತು. ಎರಡನೇ ಗೇರಿಗೆ ಹಾಕುವಾಗ ಕರ್ ಅನ್ನುವುದು ಅದಕ್ಕೂ ಮುಂಚಿನಿಂದ ಇತ್ತು. ಫೋನಿನಲ್ಲಿ ಸದ್ದು ಕೇಳಿಸಿದೆ. ಭಾಯ್ “ಗಾಡಿ ಜಾಸ್ತಿ ಓಡಿಸ್ಬೇಡಿ, ಭಾನುವಾರ ನಾನೇ ಬರ್ತೀನಿ. ಆಯಿಲೆಲ್ಲಾ ತಂದಿಡಿ” ಅಂದರು.

ಗುರುವಾರ ಹೇಗೂ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಕೆಲಸವಿತ್ತು. ಬಸ್ಸಿಗೆ ಹೋದವನು ಅಲ್ಲಿಂದ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಒಂದು ಅಂಗಡಿಯಲ್ಲಿ “ಗಾಡಿಗೆ ಒಳ್ಳೇ ಆಯಿಲ್ ಕೊಡಿ” ಅಂದೆ. ಕೌಂಟರಿನಲ್ಲಿದ್ದ ಹಿರಿಯರು ಕನ್ನಡಕದ ಮೇಲಿಂದ ನೋಡಿದರು.

“ಎಲ್ಲಾ ಒಳ್ಳೇವೇ. ಗಾಡೀಲಿ ಎಲ್ಲಿಗೆ ಹಾಕೋದು?”

ಅಲ್ಲಿಯೇ ನನ್ನ ಬಂಡವಾಳ ಹೊರಬಿತ್ತು. ಎಂಜಿನ್ನಿಗೊಂದು, ಗೇರಿಗೊಂದು ಅಂತ ಗೊತ್ತಿತ್ತು. ಗೇರ್‌ಬಾಕ್ಸಿಗೂ ಕ್ರೌನಿಗೂ ಬೇರೆ ಬೇರೆ ಅನ್ನುವುದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಎರಡು ವರ್ಷದ ಹಿಂದೆ ಕ್ರೌನಿಗೆ ಹಾಕಿ ಉಳಿದ ಆಯಿಲನ್ನು ಸುಮ್ನೆ ಯಾಕೆ ಹಾಳು ಮಾಡುವುದು ಅಂತ ಗೇರ್‌ಬಾಕ್ಸಿಗೂ ಸುರಿದಿದ್ದೆ. ಡಬ್ಬದ ಮೇಲೆ ಗೇರ್ ಆಯಿಲಿನ ದರ್ಜೆ ಜಿಎಲ್-5 ಅಂತಿತ್ತು. ಗಾಡಿಯ ಪುಸ್ತಕದಲ್ಲಿ ಗೇರ್‌ಬಾಕ್ಸಿಗೆ ಜಿಎಲ್-4 ಅಂತಿತ್ತು. ನಾಲ್ಕಕ್ಕಿಂತ ಐದು ಮೇಲಲ್ವಾ?

ಅಲ್ಲವಂತೆ, ಹಿರಿಯರು ಬಿಡಿಸಿ ಹೇಳಿದರು. ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿ ಥರ ಉಬ್ಬಿರುವ ಹೌಸಿಂಗ್ ಒಳಗೆ ಕ್ರೌನಿನ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದನ್ನೊಂದು ಒತ್ತಿಕೊಂಡೇ ಜಾರುತ್ತವೆ. ಆ ಒತ್ತಡಕ್ಕೆ ಮಾಮೂಲಿ ಎಣ್ಣೆಯ ಪದರ ಹರಿದುಹೋಗುತ್ತದೆ. ಅದಕ್ಕೇ ಜಿಎಲ್-5ರಲ್ಲಿ ಗಂಧಕ, ರಂಜಕದ ಮದ್ದು ಜಾಸ್ತಿ. ಆ ನಾತವೂ ಅದರದ್ದೇ. ಗೇರ್‌ಬಾಕ್ಸಿನ ಕಥೆ ಬೇರೆ. ಅಲ್ಲಿ ಗೇರು ಸದ್ದಿಲ್ಲದೆ ಕೂರಬೇಕಾದರೆ ಸಿಂಕ್ರೋ ರಿಂಗ್ ಒಂದು ಕ್ಷಣ ಹಿಡಿದು ಎರಡರ ವೇಗವನ್ನೂ ಸಮ ಮಾಡಬೇಕು. ತುಂಬಾ ಜಾರುವ ಆಯಿಲಾದರೆ ಅದು ಹಿಡಿಯುವುದೇ ಇಲ್ಲ. ಮೇಲಾಗಿ ಹಳೇ ಗಾಡಿಗಳಲ್ಲಿ ಆ ರಿಂಗು ತಾಮ್ರ ಬೆರೆತ ಹಿತ್ತಾಳೆಯದ್ದು. ಗಂಧಕದ ಮದ್ದು ಅದನ್ನು ಕಪ್ಪಾಗಿಸಿ ನಿಧಾನಕ್ಕೆ ತಿನ್ನಬಹುದು.

“ತಾಮ್ರ ಇರೋ ಕಡೆ ಎಲ್ಲಾ ಮದ್ದೂ ಆಗಲ್ಲ, ನಿಮಗೆ ಹೇಳ್ಬೇಕಾ?” ಅಂದರು ಹಿರಿಯರು. ಅಡಿಕೆಯವನು ಅಂತ ಹೇಗೆ ಕಂಡುಹಿಡಿದರೋ, ಬಹುಶಃ ಅಂಗಿಯ ಮೇಲಿನ ಬೋರ್ಡೋದ ನೀಲಿ ಕಲೆಯಿಂದಿರಬೇಕು.

ಬಸ್ಸು ಮಂಡಗದ್ದೆ ದಾಟುವವರೆಗೂ ಅದೇ ಮಾತು ತಲೆಯಲ್ಲಿತ್ತು. ಬೋರ್ಡೋ ಮಾಡುವಾಗ ನಾನು ಎಂಥ ಶಿಸ್ತಿನವನು! 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಸೋಸಿ ಬೆರೆಸಬೇಕು. ಕೊನೆಗೆ ಕತ್ತಿ ಅದ್ದಿ ನೋಡಬೇಕು. ಅಲಗಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಆಳುಗಳು ಅಂದಾಜಿನಲ್ಲಿ ಸುರಿದರೆ ಕೂಗಾಡುವವನು ನಾನೇ. ಅದೇ ಡ್ರಮ್ಮು ಹೊತ್ತು ತಿರುಗುವ ಗಾಡಿಗೆ ಮಾತ್ರ ಕೈಗೆ ಸಿಕ್ಕಿದ್ದನ್ನು ಹೊಯ್ದಿದ್ದೆ.

ಭಾನುವಾರ ಭಾಯ್ ಬಂದವರೇ ಮಾಡಿದ ಮೊದಲ ಕೆಲಸ ನನಗೆ ಅರ್ಥವಾಗಲಿಲ್ಲ. ಆಯಿಲ್ ಇಳಿಸುವ ಬೋಲ್ಟ್ ಬಿಟ್ಟು ಮೇಲಿನ ತುಂಬುವ ಬೋಲ್ಟಿಗೆ ಸ್ಪ್ಯಾನರ್ ಹಾಕಿದರು. “ಕೆಳಗಿಂದು ಬಿಚ್ಚಿ ಎಲ್ಲಾ ಇಳಿಸಿದ್ಮೇಲೆ ಮೇಲಿಂದು ಬರ್ಲಿಲ್ಲ ಅಂದ್ರೆ? ಗಾಡಿ ಒಣಗಿ ನಿಂತ್ಕೊಳ್ಳುತ್ತೆ.” ತುಕ್ಕು ಹಿಡಿದಿತ್ತು. ಸ್ಪ್ಯಾನರಿಗೆ ಪೈಪು ತೂರಿಸಿ ಇಬ್ಬರೂ ಎಳೆದ ಮೇಲೆ ಟಕ್ ಅಂತ ಬಿಟ್ಟಿತು. ಆಮೇಲೆಯೇ ಆ ಚಹಾ.

ಕೆಳಗಿನ ಬೋಲ್ಟಿನ ತುದಿಯಲ್ಲಿ ಮ್ಯಾಗ್ನೆಟ್ ಇದೆ. ಅದಕ್ಕೆ ಕಬ್ಬಿಣದ ಪುಡಿ ಹಿಡಿದು ಸಣ್ಣ ಮೀಸೆ ಬೆಳೆದಿತ್ತು. ಭಾಯ್ ಅದನ್ನು ಬಟ್ಟೆಯ ಮೇಲೆ ಒರೆಸಿ ಬಿಸಿಲಿಗೆ ಹಿಡಿದರು. ಬೆರಳಲ್ಲಿ ಉಜ್ಜಿದರೆ ಕಾಡಿಗೆ ಥರ ನುಣ್ಣಗಿತ್ತು. “ಇಷ್ಟು ಎಲ್ಲಾ ಗಾಡೀಲೂ ಇರುತ್ತೆ. ಕಬ್ಬಿಣದ ಚೂರು ಸಿಕ್ಕಿದ್ರೆ ಹೆದರ್ಬೇಕಿತ್ತು.” ನನಗೆ ಅರ್ಧ ಜೀವ ಬಂತು.

ನೀರು ಒಳಗೆ ಹೋಗಿದ್ದು ಹೇಗೆ ಅನ್ನುವುದಕ್ಕೆ ಅವರು ಅಡುಗೆಮನೆಯಿಂದ ಸ್ಟೀಲ್ ಲೋಟ ತರಿಸಿದರು. ಬಿಸಿನೀರಲ್ಲಿ ಕಾಯಿಸಿದ ಲೋಟವನ್ನು ನೀರಿದ್ದ ತಟ್ಟೆಯಲ್ಲಿ ಕವುಚಿದರು. ಸ್ವಲ್ಪ ಹೊತ್ತಿಗೆ ಲೋಟ ತಣ್ಣಗಾಗುತ್ತಾ ತಟ್ಟೆಯ ನೀರನ್ನು ಒಳಕ್ಕೆ ಎಳೆದುಕೊಂಡಿತು. ಕ್ರೌನ್ ಹೌಸಿಂಗೂ ಹಾಗೆಯೇ. ಓಡಿ ಓಡಿ ಬಿಸಿಯಾಗಿರುತ್ತದೆ, ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಮೇಲೆ ಉಸಿರಾಡಲು ಬ್ರೀದರ್ ಅಂತ ಒಂದು ಸಣ್ಣ ಮೂಗು ಇದೆ. ನಮ್ಮದರ ಮುಚ್ಚಳ ಎಲ್ಲೋ ಬಿದ್ದುಹೋಗಿತ್ತು. ಗಾಳಿಯ ಬದಲು ಹಳ್ಳವನ್ನೇ ಕುಡಿದಿದೆ.

ಒಳಗಿದ್ದದ್ದನ್ನು ತೊಳೆಯಲು ಸ್ವಲ್ಪ ಹೊಸ ಆಯಿಲ್ ಹಾಕಿ, ಗಾಡಿಯನ್ನು ಅಂಗಳದಲ್ಲೇ ಹಿಂದೆ ಮುಂದೆ ಮಾಡಿ ಮತ್ತೆ ಇಳಿಸಿದೆವು. ದುಡ್ಡು ಹೋಯಿತು ಅನ್ನಿಸಿತು. ಆದರೆ ಎರಡನೇ ಸಲ ಬಂದದ್ದೂ ಮಸುಕಾಗಿಯೇ ಇತ್ತು. ಆಮೇಲೆ ಪುಸ್ತಕದಲ್ಲಿರುವ ಜಿಎಲ್-5, ದಪ್ಪದ ಅಂಕಿ 85ಡಬ್ಲ್ಯೂ-140, ತೂತಿನ ಅಂಚಿಗೆ ಬೆರಳಿಟ್ಟರೆ ತಾಗುವವರೆಗೆ. ಗೇರ್‌ಬಾಕ್ಸಿಗೆ ಜಿಎಲ್-4, 80ಡಬ್ಲ್ಯೂ-90. “ಸವೆದ ರಿಂಗ್ ಆಯಿಲಿಂದ ವಾಪಸ್ ಬೆಳೆಯಲ್ಲ, ಆಸೆ ಇಟ್ಕೋಬೇಡಿ” ಅಂತ ಮೊದಲೇ ಹೇಳಿದರು.

ಎಂಜಿನ್ ಆಯಿಲಿಗೆ ಮಾತ್ರ ನಮ್ಮಿಬ್ಬರಿಗೂ ಜಗಳ. ಹಳೇ ಗಾಡಿ, 20ಡಬ್ಲ್ಯೂ-50 ದಪ್ಪಗಿರುತ್ತೆ ಅಂತ ಭಾಯ್. ನಾನು 15ಡಬ್ಲ್ಯೂ-40 ತಂದಾಗಿತ್ತು, ಪುಸ್ತಕದಲ್ಲಿರುವುದೂ ಅದೇ. ಹೊಗೆ ಇಲ್ಲ, ಆಯಿಲ್ ಕುಡಿಯುವುದೂ ಇಲ್ಲ. ಚೆನ್ನಾಗಿರುವ ಎಂಜಿನ್ನಿಗೆ ವಯಸ್ಸಾಯಿತು ಅಂತ ದಪ್ಪ ಎಣ್ಣೆ ಯಾಕೆ? ನಾನೇ ಗೆದ್ದೆ. ಡಬ್ಬದ ಮೇಲೆ ಸಿ ಅಕ್ಷರದ ದರ್ಜೆ, ಸಿಐ-4 ಥರದ್ದು, ಇದೆಯಾ ಅಂತ ಅವರು ಎರಡು ಸಲ ನೋಡಿದರು. ಸಿ ಅಂದರೆ ಡೀಸೆಲ್, ಎಸ್ ಅಂದರೆ ಪೆಟ್ರೋಲ್. ಹಾಕಿದ ವಾರಕ್ಕೇ ಕಪ್ಪಾಗುತ್ತೆ ಅಂತ ನಾನು ದೂರಿದ್ದಕ್ಕೆ, “ಮಸಿ ಹಿಡ್ಕೊಳ್ಳೋದೇ ಅದ್ರ ಕೆಲಸ, ಬಟ್ಟೆ ಒಗೆದ ನೀರು ಬೆಳ್ಳಗಿರುತ್ತಾ?” ಅಂದರು.

ಬ್ರೇಕ್ ಆಯಿಲನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಟ್ಟದಲ್ಲಿ ಅರ್ಧ ಬಾಟಲಿ ಇತ್ತು, ಯಾವ ಕಾಲದ್ದೋ. ಅದನ್ನೇ ತಂದುಕೊಟ್ಟೆ. ಭಾಯ್ ಮುಟ್ಟಲೂ ಇಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಉಪ್ಪಿನ ಭರಣಿ ಏನಾಗುತ್ತೆ ಗೊತ್ತಲ್ವಾ? ಬ್ರೇಕ್ ಆಯಿಲೂ ಅದೇ ಜಾತಿ, ಗಾಳಿಯ ತೇವ ಹೀರುತ್ತದೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದರಲ್ಲಿ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಸೇರಿದ ಮೇಲೆ ಆ ಗೆರೆ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230 ಮತ್ತು 155. ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ನಮಗೆ ಪಕ್ಕದಲ್ಲೇ, ತೇವಕ್ಕೇನು ಬರ!

ಆಗ ನೆನಪಾಯಿತು. ಮಾರ್ಚಿನಲ್ಲಿ ಬಾಳೆಗೊನೆ ಹೇರಿಕೊಂಡು ಆಗುಂಬೆ ಘಾಟಿ ಇಳಿಯುವಾಗ, 14 ತಿರುವುಗಳಲ್ಲಿ ಕೊನೆಯ ಮೂರ್ನಾಲ್ಕರಲ್ಲಿ ಪೆಡಲ್ ಹತ್ತಿಯ ದಿಂಬಿನಂತೆ ಮೆತ್ತಗಾಗಿತ್ತು. ಎರಡನೇ ಗೇರಿನಲ್ಲಿ ಹೇಗೋ ಸೋಮೇಶ್ವರ ಮುಟ್ಟಿದ್ದೆ. ಒಂದು ಗಂಟೆ ಚಹಾ ಕುಡಿದು ಬಂದರೆ ಪೆಡಲ್ ಮತ್ತೆ ಗಟ್ಟಿ! ಲೋಡು ಜಾಸ್ತಿಯಾಗಿತ್ತೇನೋ ಅಂದುಕೊಂಡಿದ್ದೆ. ಒಳಗೆ ಆಯಿಲು ಕುದ್ದು ಗುಳ್ಳೆ ಎದ್ದಿತ್ತು. ಇದನ್ನು ಭಾಯ್ ಹೇಳುವಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಆವತ್ತು ಗಾಡಿಯಲ್ಲಿ ಅವಳೂ ಇದ್ದಳು. ಏನೂ ಹೇಳಲಿಲ್ಲ, ಬಾಟಲಿ ತೆಗೆದುಕೊಂಡು ಒಳಗೆ ಹೋದಳು. ಆಮೇಲೆ ಅದು ನನಗೆ ಸಿಗಲಿಲ್ಲ.

ಎಂಜಿನ್ ತಣಿಸುವ ಕೂಲೆಂಟಿನದು ಬೇಗ ಮುಗಿಯಿತು. ಬಾವಿ ನೀರು ಹಾಕಿ ಹಾಕಿ ರೇಡಿಯೇಟರಿನಿಂದ ಕೆಂಪು ಕಷಾಯ ಬಂತು. ನೀರು ಹೆಪ್ಪುಗಟ್ಟೋಕೆ ಇಲ್ಲೇನು ಹಿಮ ಬೀಳುತ್ತಾ ಅಂತ ನಾನು ಕೂಲೆಂಟ್ ಹಾಕಿರಲಿಲ್ಲ. ತುಕ್ಕು ತಡೆಯುವುದೂ ಅದರ ಕೆಲಸವಂತೆ. ಡಿಸ್ಟಿಲ್ಡ್ ವಾಟರಿನಲ್ಲಿ ಅರ್ಧಕ್ಕರ್ಧ ಬೆರೆಸುತ್ತಿದ್ದಾಗ ಕೆಳಗೆ ಚೆಲ್ಲಿದ್ದನ್ನು ನೆಕ್ಕಲು ನಾಯಿ ಬಂತು. ಭಾಯ್ ಚಪ್ಪಲಿ ಎತ್ತಿ ಓಡಿಸಿದರು. ರುಚಿ ಸಿಹಿಯಂತೆ, ನಾಯಿಗೆ ಸ್ವಲ್ಪ ಹೋದರೂ ಜೀವಕ್ಕೇ ಅಪಾಯ. ಅಲ್ಲಿಗೆಲ್ಲ ಮಣ್ಣು ಹಾಕಿ ಬಾಚಿ ತೆಗೆದೆ.

ಸಂಜೆ ಪಕ್ಕದ ಮನೆಯವರು ಬೇಲಿ ಗೂಟಕ್ಕೆ ಗೆದ್ದಲು ಅಂತ ಸುಟ್ಟ ಆಯಿಲ್ ಕೇಳಲು ಬಂದರು. ನಮ್ಮ ಕಡೆ ಅದು ಮಾಮೂಲಿ. ಆದರೆ ಅವರ ಬೇಲಿ ನಮ್ಮ ಬಾವಿಗೆ ಮೇಲಿದೆ. ಮಳೆ ಬಂದರೆ ಅದೆಲ್ಲ ಎಲ್ಲಿಗೆ ಇಳಿಯುತ್ತೆ? ಭಾಯ್ ಕ್ಯಾನಿನಲ್ಲಿ ತುಂಬಿಸಿಕೊಂಡು ಹೋಗಲಿ ಅಂದುಬಿಟ್ಟೆ. ಅವರಿಗೆ ಸ್ವಲ್ಪ ಬೇಜಾರಾಯಿತು.

ಹೊರಡುವ ಮುಂಚೆ ಭಾಯ್ ಬ್ರೀದರಿಗೆ ಒಂದು ಉಪಾಯ ಮಾಡಿದರು. ಔಷಧಿ ಹೊಡೆಯುವ ಹಳೇ ಪೈಪಿನ ತುಂಡು ಸಿಕ್ಕಿಸಿ, ಕ್ಲಿಪ್ ಬಿಗಿದು, ಚಾಸಿ ಉದ್ದಕ್ಕೂ ಕಟ್ಟಿ ತುದಿಯನ್ನು ಬಾಡಿ ಮಟ್ಟಕ್ಕೆ ತಂದು ಕೆಳಮುಖ ಬಗ್ಗಿಸಿದರು. ಮೂಗು ಈಗ ನೀರಿನಿಂದ ಎರಡು ಅಡಿ ಮೇಲೆ.

ಆರಿದ್ರೆ ಮಳೆ ಹಿಡಿದು ಹಳ್ಳ ಬಂದಿದೆ. ಈಗ ದಾಟುವ ಮುಂಚೆ ಗಾಡಿ ನಿಲ್ಲಿಸಿ ಹದಿನೈದು ನಿಮಿಷ ಕಾಯುತ್ತೇನೆ. ಮೊನ್ನೆ ಬೈಕಿನಲ್ಲಿ ಬಂದವರೊಬ್ಬರು “ಏನ್ ಮಾರಾಯ್ರೇ, ಗಾಡಿ ಕೆಟ್ಟೋಯ್ತಾ?” ಅಂದರು. ಕ್ರೌನ್ ಆರ್ಲಿ ಅಂತ ಕಾಯ್ತಿದೀನಿ ಅಂದೆ. ಒಂದು ಥರ ನೋಡಿ ಹೋದರು. ಮರುದಿನ ಮೇಲಿನ ಬೋಲ್ಟ್ ಬಿಚ್ಚಿ ಬೆರಳು ಅದ್ದಿದೆ. ಜೇನುತುಪ್ಪದ ಬಣ್ಣ.

ಎರಡನೇ ಗೇರು ಮಾತ್ರ ಬೆಳಿಗ್ಗೆ ಮೊದಲ ಏರಿನಲ್ಲಿ ಈಗಲೂ ಒಮ್ಮೆ ಕರ್ ಅನ್ನುತ್ತದೆ. ಆಗ ಪಕ್ಕದಲ್ಲಿ ಕೂತ ಇವಳು ನನ್ನ ಮುಖ ನೋಡುತ್ತಾಳೆ.