ಲಿನಕ್ಸ್ ಹಾಕುವ ಮೊದಲು ಒಂಬತ್ತು ತಿಂಗಳು

ಸಣ್ಣ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. 2020ರ ಜನವರಿ 14ಕ್ಕೆ ವಿಂಡೋಸ್ 7ರ ಸೆಕ್ಯೂರಿಟಿ ಅಪ್‌ಡೇಟ್ ನಿಂತಿತಲ್ಲ, ಆಗ ಒಂದು ಕಚೇರಿಯ ಒಂಬತ್ತೂ ಸಿಸ್ಟಮ್‌ಗೆ ಶನಿವಾರ, ಭಾನುವಾರ ಕೂತು ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಬಿಟ್ಟೆ. ಸೋಮವಾರ ಬೆಳಿಗ್ಗೆಯೇ ಟೈಪಿಂಗ್ ಮಾಡುವ ಮೇಡಂ ಫೋನ್ ಮಾಡಿದರು. "ಏನ್ರೀ ಇದು, ನನ್ನ ಲೆಟರ್ ಎಲ್ಲಾ ಹಾಳಾಗೋಗಿದೆ!"

ಹೋಗಿ ನೋಡಿದೆ. ಫೈಲ್ ಸರಿಯಾಗೇ ಇತ್ತು. ಆದರೆ ಅವರು ವರ್ಷಗಟ್ಟಲೆ ಟೈಪ್ ಮಾಡಿದ್ದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನ ಹಳೆಯ ಫಾಂಟ್‌ನಲ್ಲಿ, ಎಲ್ಲಾ ಸಿಸ್ಟಮ್‌ಗೂ ಅರ್ಥವಾಗುವ ಯೂನಿಕೋಡ್‌ನಲ್ಲಲ್ಲ. ಆ ಫಾಂಟ್ ಇಲ್ಲದ ಕಡೆ 'ಕನ್ನಡ' ಅನ್ನೋ ಪದವೇ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. 'ನ' ಇರಬೇಕಾದ ಜಾಗದಲ್ಲಿ ಪೌಂಡ್ ಚಿಹ್ನೆ! ಬುಧವಾರದ ಹೊತ್ತಿಗೆ ಎಲ್ಲದಕ್ಕೂ ವಾಪಸ್ ವಿಂಡೋಸ್ ಹಾಕಿದೆ. ತಪ್ಪು ನನ್ನದೇ. ಅವರ ಕೈಗೆ ಅಭ್ಯಾಸವಾದ ಅಷ್ಟನ್ನೂ ಎರಡೇ ದಿನದಲ್ಲಿ ಕಿತ್ತುಕೊಂಡಿದ್ದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸರದಿ ಬಂತು. ಅದೇ ಕಚೇರಿ, ನಾಲ್ಕನೇ ಜನರೇಷನ್ ಐ3 ಪ್ರೊಸೆಸರ್ ಇರುವ ಸಿಸ್ಟಮ್‌ಗಳು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ಜನರೇಷನ್ ಬೇಕು, ಟಿಪಿಎಂ 2.0 ಅನ್ನೋ ಸೆಕ್ಯೂರಿಟಿ ವ್ಯವಸ್ಥೆ ಬೇಕು. ಒಂಬತ್ತನ್ನೂ ಹೊಸದು ತರಲು ದುಡ್ಡಿಲ್ಲ.

ಈ ಸಲ 2025ರ ಜನವರಿಯಲ್ಲೇ ಶುರು ಮಾಡಿದ್ದೆ. ಲಿನಕ್ಸ್ ಸುದ್ದಿಯನ್ನೇ ಎತ್ತಲಿಲ್ಲ. ವಿಂಡೋಸ್ ಇದ್ದ ಹಾಗೇ ಇರಲಿ ಅಂತ ಬಿಟ್ಟು ಅದರ ಮೇಲೆ ಲಿನಕ್ಸ್‌ನಲ್ಲೂ ಸಿಗುವ ಸಾಫ್ಟ್‌ವೇರ್ ಹಾಕಿದೆ: ಬ್ರೌಸರ್ ಫೈರ್‌ಫಾಕ್ಸ್, ವಿಡಿಯೊ ಪ್ಲೇಯರ್ ವಿಎಲ್‌ಸಿ, ಎಂಎಸ್ ಆಫೀಸ್ ಬದಲಿಗೆ ಲಿಬ್ರೆ ಆಫೀಸ್. ಒಂದು ತಿಂಗಳಿಗೆ ಒಂದೇ ಬದಲಾವಣೆ. ಲಿಬ್ರೆ ಆಫೀಸ್ ತಾನಾಗಿ ಓಡಿಟಿ ಅನ್ನೋ ಬಗೆಯ ಫೈಲ್ ಮಾಡುತ್ತದೆ. ಅದನ್ನು ಮೊದಲೇ ವರ್ಡ್‌ನ ಡಾಕ್ಸ್ (.docx) ಬಗೆಗೆ ಸೆಟ್ ಮಾಡಿ, ಇಲ್ಲವಾದರೆ "ನೀವು ಕಳಿಸಿದ್ದು ಓಪನ್ ಆಗ್ತಿಲ್ಲ" ಅಂತ ಹೊರಗಿನಿಂದ ಫೋನ್ ಬರುತ್ತದೆ.

ಜಾಸ್ತಿ ಸಮಯ ತಿಂದದ್ದು ಕನ್ನಡ. ಹಳೆಯ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಕೆಲಸವನ್ನೂ ವಿಂಡೋಸ್‌ನಲ್ಲೇ ಮುಗಿಸಿದೆವು. ಒತ್ತಕ್ಷರ ತಪ್ಪಿದೆಯಾ ಅಂತ ಮೇಡಂ ತಾವೇ ಒಂದೊಂದು ಪತ್ರ ಓದಿ ನೋಡಿದರು. ಆ ಶ್ರದ್ಧೆಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿಯೇ.

ಆಮೇಲೆ ಒಂದೇ ಒಂದು ಸಿಸ್ಟಮ್‌ಗೆ ವಿಂಡೋಸ್ ಪಕ್ಕದಲ್ಲಿ ಮಿಂಟ್ ಹಾಕಿ, ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪ್ ಮಾಡಲು ಇರುವ ಐಬಸ್‌ನಲ್ಲಿ, ನುಡಿಯಲ್ಲಿದ್ದ ಅದೇ ಕೆಜಿಪಿ ಕೀಲಿಮಣೆ ಸೇರಿಸಿ, ಮೇಡಂ ಅವರನ್ನು ಕೂರಿಸಿದೆ. ಅವರು ಎಂದಿನ ಹಾಗೆ ಎಫ್ ಒತ್ತಿ ಒತ್ತಕ್ಷರ ಕೊಟ್ಟರು. ಬಂತು. ಸ್ಕ್ರೀನ್ ನೋಡದೆಯೇ ಎರಡು ಸಾಲು ಹೊಡೆದರು. ಅಷ್ಟು ನಿರಾಳ ನನಗೆ ಈ ಕೆಲಸದಲ್ಲಿ ಯಾವತ್ತೂ ಆಗಿಲ್ಲ.

ಒಂದು ತೊಂದರೆ ಮಾತ್ರ ಬಂತು. ಇಂಗ್ಲಿಷ್ ಪತ್ರಗಳಲ್ಲಿ ಸಹಿಯ ಜಾಗ ಎರಡನೇ ಪುಟಕ್ಕೆ ಜಾರುತ್ತಿತ್ತು. ಕಾರಣ, ಲಿನಕ್ಸ್‌ನಲ್ಲಿ ಕ್ಯಾಲಿಬ್ರಿ ಫಾಂಟ್ ಇಲ್ಲ. ಅದೇ ಅಳತೆಯ ಕಾರ್ಲಿಟೊ ಹಾಕಿದ ಮೇಲೆ ಮತ್ತೆ ಒಂದೇ ಪುಟಕ್ಕೆ ಕೂತಿತು.

ಅಕ್ಟೋಬರ್ ಮೊದಲ ವಾರದ ಹೊತ್ತಿಗೆ ಎಂಟು ಸಿಸ್ಟಮ್ ಮಿಂಟ್‌ಗೆ ಬಂದಿದ್ದವು. ಒಂಬತ್ತನೆಯದು ಅಕೌಂಟ್ಸ್ ಅವರದು. ಅದರಲ್ಲಿ ಟ್ಯಾಲಿ ಇದೆ, ಟ್ಯಾಲಿಗೆ ವಿಂಡೋಸ್ ಬೇಕೇ ಬೇಕು. ಅದಕ್ಕೊಂದು ಹೊಸ ಸಿಸ್ಟಮ್ ತರಿಸಿ ವಿಂಡೋಸ್ 11 ಹಾಕಿದೆವು. ಪತ್ರಗಳಿಗೆ ಅಲ್ಲೂ ಲಿಬ್ರೆ ಆಫೀಸೇ.